ಚಡಾವಿನಲ್ಲಿ ಜೀಪು: ಹತ್ತುವ ಮೊದಲೇ ಇಳಿಯುವ ಲೆಕ್ಕ ಇರಲಿ

2021ರ ಜನವರಿ 3, ಭಾನುವಾರ. ಪುತ್ತೂರು ಕಡೆಯಿಂದ ಕೊಡಗಿನ ಕರಿಕೆಗೆ ಮದುವೆಗೆಂದು ಹೊರಟಿದ್ದ ಬಸ್ಸೊಂದು ನಮ್ಮ ಕಾಸರಗೋಡು ಜಿಲ್ಲೆಯ ಪಾಣತ್ತೂರು ಸಮೀಪದ ಇಳಿಜಾರಿನಲ್ಲಿ ನಿಯಂತ್ರಣ ತಪ್ಪಿ, ರಸ್ತೆ ಬದಿಯ ಮನೆಯ ಮೇಲೆ ಮಗುಚಿ ಬಿತ್ತು. ಏಳು ಮಂದಿ ತೀರಿಕೊಂಡರು. ಹುಡುಗಿಯ ಕಡೆ ಒಂದು ಜಿಲ್ಲೆ, ಹುಡುಗನ ಕಡೆ ಇನ್ನೊಂದು ಜಿಲ್ಲೆ, ನಡುವೆ ಕೇರಳದ ಗುಡ್ಡದ ದಾರಿ. ಗಡಿಯ ನಮಗೆಲ್ಲ ಇಂಥ ಮದುವೆ ಪ್ರಯಾಣ ಹೊಸತಲ್ಲ. ಅದಕ್ಕೇ ಆ ಸುದ್ದಿ ಎಷ್ಟೋ ದಿನ ಮನಸ್ಸಿನಿಂದ ಹೋಗಲಿಲ್ಲ.

ಅದು ಡಾಮರು ಹಾಕಿದ ರಸ್ತೆ. ನಮ್ಮಲ್ಲಿ ಹಲವರ ಮನೆ, ತೋಟಗಳು ಡಾಮರು ಮುಗಿದ ಮೇಲೆ ಶುರುವಾಗುತ್ತವೆ. ಚೆರ್ಕಳ–ಜಾಲ್ಸೂರು ರಸ್ತೆಯಿಂದ ಒಳಗೆ ತಿರುಗಿದರೆ ಮುರಕಲ್ಲಿನ ಗುಡ್ಡೆ, ಕೆಂಪು ಮಣ್ಣು, ಎರಡು ಚಕ್ರದ ಅಗಲಕ್ಕೆ ಕಡಿದ ದಾರಿ. ಒಂದು ಬದಿಯಲ್ಲಿ ಆಳೆತ್ತರದ ಬರೆ, ಇನ್ನೊಂದು ಬದಿಯಲ್ಲಿ ಕೆಳಗಿನ ಅಡಿಕೆ ಮರದ ತಲೆ ಕಾಣುವ ಇಳಿಜಾರು. ಗೊಬ್ಬರ ಬರುವುದು, ಅಡಿಕೆ ಹೋಗುವುದು, ಹುಷಾರಿಲ್ಲದವರನ್ನು ಆಸ್ಪತ್ರೆಗೆ ಒಯ್ಯುವುದು ಎಲ್ಲ ಇದೇ ದಾರಿಯಲ್ಲಿ. ಲೈಸೆನ್ಸ್ ಪರೀಕ್ಷೆಯಲ್ಲಿ ಎಂಟು ಬರೆಯಲು ಹೇಳಿಕೊಡುತ್ತಾರೆ. ಆದರೆ ಒದ್ದೆ ಮಣ್ಣಿನ ಚಡಾವಿನ ನಡುವೆ ಗಾಡಿ ನಿಂತುಹೋದರೆ ಏನು ಮಾಡಬೇಕೆಂದು ಯಾರೂ ಹೇಳಿಕೊಡುವುದಿಲ್ಲ.

ನನಗೂ ಯಾರೂ ಹೇಳಿಕೊಟ್ಟಿರಲಿಲ್ಲ. ಅದರ ಬೆಲೆ ತೆತ್ತವನು ನನ್ನ ತಮ್ಮ.

ಒಂದು ತಪ್ಪಿನ ಕಥೆ

1997ರ ಜುಲೈ. ಮನೆಗೆ ಹಳೆಯ ಜೀಪೊಂದನ್ನು ತಂದು ಎರಡು ತಿಂಗಳಾಗಿತ್ತು. ಹಿಂದೆ ಆರು ಮೂಟೆ ಗೊಬ್ಬರ ಹೇರಿಕೊಂಡು ತೋಟದ ಚಡಾವು ಹತ್ತಿಸುತ್ತಿದ್ದೆ. ಫೋರ್ ವೀಲ್ ಲಿವರ್ ಎಳೆದರೆ ಡೀಸೆಲ್ ಹೆಚ್ಚು ಕುಡಿಯುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿ, ಹಿಂದಿನ ಎರಡು ಚಕ್ರದಲ್ಲೇ ಎರಡನೇ ಗೇರು ಹಾಕಿ ರಭಸದಿಂದ ಹೊಡೆದೆ. ಮುಕ್ಕಾಲು ಏರುವಾಗ ಚಕ್ರ ಸುತ್ತತೊಡಗಿತು, ಗಾಡಿ ನಿಂತಿತು. ಒಂದನೇ ಗೇರು ಹಾಕೋಣವೆಂದು ಕ್ಲಚ್ ಒತ್ತಿದೆ. ಅಷ್ಟು ಸಾಕಾಯಿತು. ಜೀಪು ಹಿಂದಕ್ಕೆ ಜಾರತೊಡಗಿತು. ಗಾಬರಿಯಲ್ಲಿ ಬ್ರೇಕನ್ನು ಪೂರ್ತಿ ಒತ್ತಿ ಸ್ಟೇರಿಂಗ್ ತಿರುಗಿಸಿದೆ. ಗಾಡಿ ಅಡ್ಡವಾಯಿತು. ಚಕ್ರಕ್ಕೆ ಕಲ್ಲು ಇಡಲು ಹಿಂದೆ ಓಡಿ ಬಂದ ತಮ್ಮನ ಬಲಗಾಲು ಚಕ್ರ ಮತ್ತು ಬರೆಯ ನಡುವೆ ಸಿಕ್ಕಿಕೊಂಡಿತು.

ಬರೆ ಇದ್ದ ಬದಿಗೇ ವಾಲಿದ್ದರಿಂದ ಜೀಪು ಮಗುಚಲಿಲ್ಲ. ಕಾಲು ಎರಡು ಕಡೆ ಮುರಿದಿತ್ತು. ಅವನು ಮಂಗಳೂರಿನಲ್ಲಿ ಮೂರು ವಾರ ಮಲಗಿದ. ಇಂದಿಗೂ ಮಳೆಗಾಲದ ಬೆಳಿಗ್ಗೆ ಅವನು ಮೆಟ್ಟಿಲು ಇಳಿಯುವುದನ್ನು ನೋಡುವಾಗ ನನಗೆ ಆ ಚಡಾವು ನೆನಪಾಗುತ್ತದೆ.

ನಾನು ಓದಿದ್ದು ಬಿ.ಎ., ಯಂತ್ರದ ವಿದ್ಯೆ ನನ್ನದಲ್ಲ. ಆಮೇಲಿನ ವರ್ಷಗಳಲ್ಲಿ ಜೀಪು ಓಡಿಸುವವರ ಪಕ್ಕ ಕುಳಿತು, ಮೆಕ್ಯಾನಿಕರನ್ನು ಕಾಡಿ, ಓದಿ, ಮಾಡಿ ನೋಡಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ. ಒಟ್ಟು ಸಾರ ಇಷ್ಟೇ: ಚಡಾವು ಹತ್ತಲಾಗದೆ ನಿಲ್ಲುವುದು ಅಪಘಾತವಲ್ಲ. ನಿಂತ ಮೇಲೆ ಏನು ಮಾಡಬೇಕೆಂದು ಮೊದಲೇ ತೀರ್ಮಾನಿಸದೆ ಇರುವುದೇ ಅಪಘಾತಕ್ಕೆ ಕಾರಣ.

ಚಡಾವು ಎಷ್ಟು ಕಡಿದು?

ಕಣ್ಣಳತೆಗೆ ಎಲ್ಲ ಚಡಾವೂ ಗೋಡೆಯ ಹಾಗೆಯೇ ಕಾಣುತ್ತದೆ. ಅಳೆಯಲು ಸುಲಭ ದಾರಿಯಿದೆ. ನಾಲ್ಕು ಅಡಿಯ ನೇರ ಕೋಲು ತೆಗೆದುಕೊಳ್ಳಿ. ಒಂದು ತುದಿಯನ್ನು ಏರಿನ ಮೇಲ್ಭಾಗದ ನೆಲಕ್ಕೆ ತಾಗಿಸಿ, ಕೋಲನ್ನು ಮಟ್ಟಸವಾಗಿ ಹಿಡಿಯಿರಿ. ಅರ್ಧ ನೀರು ತುಂಬಿದ ಬಾಟ್ಲಿಯನ್ನು ಅಡ್ಡ ಮಲಗಿಸಿ ಕೋಲಿನ ಮೇಲಿಟ್ಟರೆ ಮಟ್ಟ ಗೊತ್ತಾಗುತ್ತದೆ. ಇನ್ನೊಂದು ತುದಿಯಿಂದ ನೆಲಕ್ಕೆ ಒಂದು ಅಡಿ ಇದ್ದರೆ ಅದು ನಾಲ್ಕಕ್ಕೆ ಒಂದರ ಏರು, ಅಂದರೆ ಸುಮಾರು 14 ಡಿಗ್ರಿ. ಎರಡು ಅಡಿ ಇದ್ದರೆ ಸುಮಾರು 27 ಡಿಗ್ರಿ. ಇದು ಜೀಪಿಗೂ ಗಟ್ಟಿ ಚಡಾವು.

ಈಗ ಭಾರದ ಲೆಕ್ಕ. ಜನ, ಮೂಟೆ ಸೇರಿ ಜೀಪು 2000 ಕಿಲೋ ಎಂದಿಟ್ಟುಕೊಳ್ಳೋಣ. ನಾಲ್ಕಕ್ಕೆ ಒಂದರ ಏರಿನಲ್ಲಿ ನಿಂತಾಗ ಸುಮಾರು 485 ಕಿಲೋ ಭಾರ ಅದನ್ನು ಕೆಳಕ್ಕೆ ಎಳೆಯುತ್ತಿರುತ್ತದೆ. ಹೆಚ್ಚು ಕಡಿಮೆ ಹತ್ತು ಮೂಟೆ ಅಕ್ಕಿಯನ್ನು ಹಗ್ಗಕ್ಕೆ ಕಟ್ಟಿ ಹಿಂದಕ್ಕೆ ತೂಗಿಬಿಟ್ಟ ಹಾಗೆ. 27 ಡಿಗ್ರಿಯಲ್ಲಿ ಅದು 900 ಕಿಲೋ ಹತ್ತಿರ ಬರುತ್ತದೆ.

ಇದನ್ನು ತಡೆಯುವುದು ಟಯರು ಮತ್ತು ಮಣ್ಣಿನ ನಡುವಿನ ಹಿಡಿತ ಮಾತ್ರ. ಒಣ ಗಟ್ಟಿ ನೆಲದಲ್ಲಿ ಹಿಡಿತ ಚೆನ್ನಾಗಿರುತ್ತದೆ. ಮಳೆಯಲ್ಲಿ ಕೆಂಪು ಮಣ್ಣಿನ ಮೇಲ್ಪದರ ಸಾಬೂನಿನಂತಾದಾಗ ಅದು ಅರ್ಧಕ್ಕೂ ಕೆಳಗೆ ಇಳಿಯಬಹುದು. ಹಿಡಿತ ಗಾಡಿಯ ಭಾರದ ನೂರಕ್ಕೆ 30ಕ್ಕೆ ಇಳಿಯಿತೆಂದರೆ, ನಾಲ್ಕಕ್ಕೆ ಒಂದರ ಏರಿನಲ್ಲಿ ನೂರಕ್ಕೆ 25ರಷ್ಟು ಗಾಡಿಯನ್ನು ನಿಲ್ಲಿಸುವುದಕ್ಕೇ ಖರ್ಚಾಗುತ್ತದೆ. ಉಳಿಯುವುದು ಐದು. ಆ ಐದರಲ್ಲಿ ಬ್ರೇಕು, ಸ್ಟೇರಿಂಗು, ಓಟ ಎಲ್ಲ ಆಗಬೇಕು. ಜೋರಾಗಿ ಬ್ರೇಕು ಒತ್ತಿದರೆ, ಸ್ಟೇರಿಂಗ್ ಎಳೆದರೆ ಗಾಡಿ ಏಕೆ ಜಾರುತ್ತದೆ ಎಂಬುದು ಇದರಿಂದ ಗೊತ್ತಾಗುತ್ತದೆ.

ಸಣ್ಣ ಲಿವರಿನ ಕೆಲಸ

ಫೋರ್ ವೀಲ್ ಜೀಪಿನಲ್ಲಿ ಗೇರ್ ಲಿವರ್ ಪಕ್ಕ ಇನ್ನೊಂದು ಸಣ್ಣ ಲಿವರ್ ಇರುತ್ತದೆ. ಅದರಲ್ಲಿ ಸಾಮಾನ್ಯವಾಗಿ ಟೂ ವೀಲ್, ಫೋರ್ ವೀಲ್ ಹೈ, ನ್ಯೂಟ್ರಲ್, ಫೋರ್ ವೀಲ್ ಲೋ ಎಂಬ ಸ್ಥಾನಗಳಿವೆ. ಲೋ ಹಾಕಿದರೆ ಹೆಚ್ಚಿನ ಜೀಪುಗಳಲ್ಲಿ ಪ್ರತಿ ಗೇರೂ ಸುಮಾರು ಎರಡೂವರೆ ಪಟ್ಟು ನಿಧಾನವಾಗುತ್ತದೆ, ಚಕ್ರಕ್ಕೆ ಸಿಗುವ ಬಲ ಅಷ್ಟೇ ಪಟ್ಟು ಹೆಚ್ಚುತ್ತದೆ. ಇಳಿಯುವಾಗ ಎಂಜಿನ್ ಹಿಡಿದಿಡುವ ಬಲವೂ ಅಷ್ಟೇ ಹೆಚ್ಚುತ್ತದೆ. ನಾನು ಡೀಸೆಲ್ ಉಳಿಸಲೆಂದು ಬಿಟ್ಟದ್ದು ಇದನ್ನೇ.

ಇಲ್ಲಿ ಮೂರು ಎಚ್ಚರ ಬೇಕು. ಒಂದು, ಲೋ ಹಾಕುವುದು ಚಡಾವಿನ ಬುಡದಲ್ಲಿ, ಮಟ್ಟಸ ನೆಲದಲ್ಲಿ, ಗಾಡಿ ನಿಲ್ಲಿಸಿ. ಏರಿನ ನಡುವೆ ಹಾಕಲು ಹೋಗಬಾರದು. ಎರಡು, ಕೆಲವು ಗಾಡಿಗಳಲ್ಲಿ ಮುಂದಿನ ಚಕ್ರದ ಹಬ್ಬನ್ನು ಕೈಯಿಂದ ತಿರುಗಿಸಿ ಲಾಕ್ ಮಾಡಬೇಕಾಗುತ್ತದೆ. ಅದನ್ನು ಮರೆತರೆ ಲಿವರ್ ಎಳೆದರೂ ಮುಂದಿನ ಚಕ್ರಕ್ಕೆ ಬಲ ಹೋಗುವುದಿಲ್ಲ. ಮೂರನೆಯದು ಹಲವರಿಗೆ ಗೊತ್ತಿಲ್ಲದ ಅಪಾಯ. ಸಣ್ಣ ಲಿವರ್ ನ್ಯೂಟ್ರಲಿನಲ್ಲಿ ನಿಂತಿದ್ದರೆ, ದೊಡ್ಡ ಲಿವರ್ ಒಂದನೇ ಗೇರಿನಲ್ಲಿದ್ದರೂ ಗಾಡಿಯನ್ನು ಹಿಡಿಯುವವರಿಲ್ಲ. ಗೇರಿನಲ್ಲಿ ನಿಲ್ಲಿಸಿದ್ದೇನೆ ಎಂದು ಧೈರ್ಯದಿಂದ ಇಳಿದು ಹೋದರೆ ಜೀಪು ತಾನಾಗಿ ಹೊರಡುತ್ತದೆ. ಲಿವರ್ ಕೂತಿದೆಯೇ ಎಂದು ಕ್ಲಚ್ ನಿಧಾನ ಬಿಟ್ಟು ಒಂದು ಅಡಿ ಮುಂದೆ ಹೋಗಿ ನೋಡಿ, ಆಮೇಲೆ ಚಡಾವಿಗೆ ಬನ್ನಿ.

ಕೊಲ್ಲೂರಿಗೆ ಹೋದವರಲ್ಲಿ ಹಲವರು ಅಲ್ಲಿಂದ ಜೀಪಿನಲ್ಲಿ ಕೊಡಚಾದ್ರಿಗೂ ಹೋಗಿರುತ್ತೀರಿ. 1343 ಮೀಟರ್ ಎತ್ತರದ ಆ ಬೆಟ್ಟಕ್ಕೆ ಕೊನೆಯ ಕೆಲವು ಕಿಲೋಮೀಟರ್ ಕಲ್ಲು, ಹೊಂಡ, ಮಣ್ಣಿನ ದಾರಿ. ಮುಂದಿನ ಸಲ ಹೋದಾಗ ನೋಟದ ಜತೆಗೆ ಚಾಲಕನ ಕಾಲನ್ನೂ ನೋಡಿ. ನಾನು ಕಂಡ ಒಳ್ಳೆಯ ಚಾಲಕರು ಕಡಿದು ಏರು ಬರುವ ಮೊದಲೇ ಲಿವರ್ ಎಳೆದಿರುತ್ತಾರೆ, ಏರು ಮುಗಿಯುವವರೆಗೆ ಕ್ಲಚ್ ಮುಟ್ಟುವುದಿಲ್ಲ.

ಹತ್ತುವಾಗ

ಮೊದಲು ಗಾಡಿಯಿಂದ ಇಳಿದು ನಡೆದು ನೋಡಿ. ಇದಕ್ಕೆ ನಾಚಿಕೆ ಬೇಡ. ಮಳೆಗಾಲದಲ್ಲಿ ನಿನ್ನೆ ಇದ್ದ ದಾರಿ ಇವತ್ತು ಇರುವುದಿಲ್ಲ. ನೀರು ಎಲ್ಲಿ ಕಣಿ ಕೊರೆದಿದೆ, ಹೊರಬದಿಯ ಮಣ್ಣು ಎಲ್ಲಿ ಸಡಿಲವಾಗಿದೆ, ನೆತ್ತಿಯ ಆಚೆ ದಾರಿ ಯಾವ ಕಡೆ ತಿರುಗುತ್ತದೆ, ಇವನ್ನೆಲ್ಲ ಕಾಲಿನಿಂದಲೇ ತಿಳಿಯಬೇಕು. ನೆತ್ತಿ ತಲುಪುವಾಗ ಬಾನೆಟ್ ಆಕಾಶ ನೋಡುತ್ತಿರುತ್ತದೆ, ಮುಂದಿನ ನೆಲ ಕಾಣುವುದೇ ಇಲ್ಲ.

ಚಕ್ರ ಹೋಗುವ ಗೆರೆ ಮನಸ್ಸಿನಲ್ಲಿ ಕೂತ ಮೇಲೆ ಲೋ ಹಾಕಿ. ಒಂದನೇ ಅಥವಾ ಎರಡನೇ ಗೇರು ಸಾಕು. ಒದ್ದೆ ಮಣ್ಣಿನಲ್ಲಿ ಚಕ್ರ ಸುತ್ತುವುದಾದರೆ ಲೋ ಎರಡು ಒಳ್ಳೆಯದು, ಕಲ್ಲು ಮೆಟ್ಟಿಲಿನಂಥ ದಾರಿಗೆ ಲೋ ಒಂದು. ಆರಂಭಿಸಿದ ಮೇಲೆ ಗೇರು ಬದಲಾಯಿಸಬಾರದು. ಆಕ್ಸಿಲರೇಟರ್ ಒಂದೇ ಸಮನಾಗಿರಲಿ. ರಭಸದಿಂದ ಹೊಡೆದರೆ ಚಕ್ರ ಎಗರುತ್ತದೆ, ಎಗರಿದ ಚಕ್ರಕ್ಕೆ ಹಿಡಿತವಿಲ್ಲ. ಹೆಬ್ಬೆರಳನ್ನು ಸ್ಟೇರಿಂಗಿನ ಒಳಗೆ ಸಿಕ್ಕಿಸದೆ ಹೊರಗಡೆ ಇಡಿ, ಕಲ್ಲು ಹೊಡೆದಾಗ ಸ್ಟೇರಿಂಗ್ ತಿರುಗಿ ಬೆರಳು ಮುರಿಯುವುದುಂಟು.

ಹತ್ತುವುದು ನೇರವಾಗಿ. ನಡೆಯುವಾಗ ನಾವು ಕಡಿದು ಗುಡ್ಡವನ್ನು ಓರೆಯಾಗಿ, ಹಾವಿನಂತೆ ಹತ್ತುತ್ತೇವೆ. ಗಾಡಿಗೆ ಅದು ಸಲ್ಲದು. ಓರೆಯಾದರೆ ಭಾರ ಕೆಳಬದಿಯ ಎರಡು ಚಕ್ರಗಳ ಮೇಲೆ ಬೀಳುತ್ತದೆ. ಆಗ ಒಂದು ಕಲ್ಲು ಮೇಲ್ಬದಿಯ ಚಕ್ರವನ್ನು ಎತ್ತಿದರೂ, ಒಂದು ಹೊಂಡ ಕೆಳಬದಿಯ ಚಕ್ರವನ್ನು ತಗ್ಗಿಸಿದರೂ ಗಾಡಿ ಮಗುಚಬಹುದು. ಮೇಲಿನ ಕ್ಯಾರಿಯರಿನಲ್ಲಿ ಮೂಟೆ ಇದ್ದರಂತೂ ಇನ್ನೂ ಬೇಗ.

ನಡುವೆ ನಿಂತರೆ

ಈ ಭಾಗವನ್ನು ದಯವಿಟ್ಟು ಎರಡು ಸಲ ಓದಿ. ನನ್ನ ತಮ್ಮನ ಕಾಲು ಹೋದದ್ದು ಇಲ್ಲಿ.

ಚಕ್ರ ಸುತ್ತತೊಡಗಿದರೆ ಆಕ್ಸಿಲರೇಟರ್ ಬಿಡಿ. ಹೆಚ್ಚು ಕೊಟ್ಟಷ್ಟೂ ಚಕ್ರ ಹೊಂಡ ತೋಡುತ್ತದೆ, ಗಾಡಿ ಪಕ್ಕಕ್ಕೆ ಜಾರುತ್ತದೆ. ಕಾಲು ಬ್ರೇಕು ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಬ್ರೇಕು ಹಿಡಿಯದೆ ಕ್ಲಚ್ ಒತ್ತಬಾರದು. ಕ್ಲಚ್ ಒತ್ತಿದ ಕ್ಷಣ ಎಂಜಿನ್ನಿಗೂ ಚಕ್ರಕ್ಕೂ ಸಂಬಂಧ ಕಡಿಯುತ್ತದೆ, ಆ 485 ಕಿಲೋ ಪೂರ್ತಿ ಬ್ರೇಕಿನ ಮೇಲೆ ಬೀಳುತ್ತದೆ. ಎಂಜಿನ್ ಆಫ್ ಆದರೆ ಗಾಬರಿ ಬೇಡ. ಗೇರಿನಲ್ಲಿ ಆಫ್ ಆದ ಎಂಜಿನ್ ಗಾಡಿಯನ್ನು ಹಿಡಿಯಲು ನೆರವಾಗುತ್ತದೆ.

ಈಗ ಹ್ಯಾಂಡ್ ಬ್ರೇಕು ಎಳೆಯಿರಿ, ಆದರೆ ಅದೊಂದನ್ನೇ ನಂಬಬೇಡಿ. ಹೆಚ್ಚಿನ ಗಾಡಿಗಳಲ್ಲಿ ಅದು ಹಿಡಿಯುವುದು ಹಿಂದಿನ ಚಕ್ರಗಳನ್ನು ಮಾತ್ರ. ಕಾಲು ಬ್ರೇಕು ಹಿಡಿದೇ ಇರಿ. ಉಸಿರು ಬಿಡಿ. ಮುಂದಿನ ಚಕ್ರ ನೇರವಾಗಿದೆಯೇ ನೋಡಿ. ಹಿಂದೆ ಯಾರೂ ಇಲ್ಲವೆಂದು ಖಚಿತಪಡಿಸಿಕೊಳ್ಳಿ.

ನಂತರ ಎಂಜಿನ್ ಸ್ಟಾರ್ಟ್ ಮಾಡಿ, ಬ್ರೇಕು ಬಿಡದೆ ಕ್ಲಚ್ ಒತ್ತಿ ರಿವರ್ಸ್ ಗೇರು ಹಾಕಿ, ಕ್ಲಚನ್ನು ನಿಧಾನವಾಗಿ ಪೂರ್ತಿ ಬಿಡಿ. ಆಮೇಲೆ ಬ್ರೇಕನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಲೋ ರಿವರ್ಸಿನಲ್ಲಿ ಎಂಜಿನ್ನೇ ಗಾಡಿಯನ್ನು ಹಿಡಿದು ನಡಿಗೆಯ ವೇಗದಲ್ಲಿ ಇಳಿಸುತ್ತದೆ. ಕಾಲು ಕ್ಲಚ್ಚಿನಿಂದ ದೂರವಿರಲಿ. ಹಳೆಯ ಜೀಪುಗಳಲ್ಲಿ ಅನುಭವಿಗಳು ಇನ್ನೊಂದು ಕ್ರಮ ಮಾಡುತ್ತಾರೆ. ಎಂಜಿನ್ ಆಫ್ ಇರುವಾಗಲೇ ರಿವರ್ಸ್ ಹಾಕಿ, ಕ್ಲಚ್ ಪೂರ್ತಿ ಬಿಟ್ಟು, ಬ್ರೇಕು ಸಡಿಲಿಸಿ, ಗೇರಿನಲ್ಲಿಯೇ ಸೆಲ್ಫ್ ಹೊಡೆಯುತ್ತಾರೆ. ಗಾಡಿ ಜಿಗಿಯದೆ ಹಿಂದಕ್ಕೆ ಹೊರಡುತ್ತದೆ. ಕ್ಲಚ್ ಒತ್ತದೆ ಸ್ಟಾರ್ಟ್ ಆಗದ ಹೊಸ ಗಾಡಿಗಳಲ್ಲಿ ಇದು ನಡೆಯುವುದಿಲ್ಲ.

ಇನ್ನೊಂದು ಮಾತು. ಪವರ್ ಬ್ರೇಕು, ಪವರ್ ಸ್ಟೇರಿಂಗ್ ಇರುವ ಗಾಡಿಯಲ್ಲಿ ಎಂಜಿನ್ ಆಫ್ ಆದರೆ ಬ್ರೇಕಿಗೆ ಒಂದೆರಡು ಸಲ ಒತ್ತುವಷ್ಟು ಮಾತ್ರ ಸಹಾಯ ಉಳಿದಿರುತ್ತದೆ, ಆಮೇಲೆ ಪೆಡಲ್ ಕಲ್ಲಿನಂತಾಗುತ್ತದೆ. ಆದ್ದರಿಂದ ಪೆಡಲನ್ನು ಬಿಟ್ಟು ಬಿಟ್ಟು ಒತ್ತಬೇಡಿ, ಒಮ್ಮೆ ಒತ್ತಿದ್ದನ್ನು ಹಿಡಿದಿಡಿ.

ಹಿಂದಕ್ಕೆ ಇಳಿಯುವಾಗ ಹತ್ತಿದ ಗೆರೆಯಲ್ಲೇ ಇಳಿಯಿರಿ. ಸ್ಟೇರಿಂಗ್ ಕೂದಲೆಳೆಯಷ್ಟು ತಿದ್ದಿದರೆ ಸಾಕು. ಚಡಾವಿನಲ್ಲಿ ಮುಂದಿನ ಚಕ್ರ ಹಗುರವಾಗಿರುವುದರಿಂದ ಹೆಚ್ಚು ತಿರುಗಿಸಿದರೆ ಮೂತಿ ಅಡ್ಡಕ್ಕೆ ಹೋಗುತ್ತದೆ. ನಡುವೆ ಗಾಡಿ ತಿರುಗಿಸಿ ಮೂತಿ ಕೆಳಗೆ ಮಾಡಿಕೊಳ್ಳುತ್ತೇನೆ ಎಂಬ ಯೋಚನೆ ಬೇಡವೇ ಬೇಡ.

ಕಲ್ಲು ಇಡುವವರು

ನಮ್ಮಲ್ಲಿ ಜೀಪು ಚಡಾವು ಹತ್ತುವಾಗ ಒಬ್ಬ ಹಿಂದೆ ಕಲ್ಲು ಹಿಡಿದು ಓಡುವುದು ವಾಡಿಕೆ. ಗಾಡಿ ನಿಂತಾಗ ಚಕ್ರಕ್ಕೆ ತಡೆ ಇಡಬೇಕೆಂಬುದು ಸರಿ. ಆದರೆ ಚಲಿಸುತ್ತಿರುವ ಗಾಡಿಯ ಹಿಂದೆ ನಿಲ್ಲುವುದು ತಪ್ಪು. ಗಾಡಿ ಪೂರ್ತಿ ನಿಂತು, ಚಾಲಕ ಬಾಯಿಬಿಟ್ಟು ಹೇಳಿದ ಮೇಲೆ ಮಾತ್ರ ಹತ್ತಿರ ಬರಬೇಕು. ಬರುವುದು ಬದಿಯಿಂದ, ಅದೂ ಬರೆ ಮತ್ತು ಗಾಡಿಯ ನಡುವೆ ಅಲ್ಲ. ಕಲ್ಲನ್ನು ಕೋಲಿನಿಂದ ತಳ್ಳಿ ಇಟ್ಟರೆ ಇನ್ನೂ ಒಳ್ಳೆಯದು. ಉರುಟು ಕಲ್ಲು ಉರುಳುತ್ತದೆ. ಮರದ ಬೆಣೆ ಅಥವಾ ಚೌಕ ಮುರಕಲ್ಲಿನ ತುಂಡು ಗಾಡಿಯಲ್ಲೇ ಇರಲಿ.

ಕಡಿದು ಚಡಾವಿನಲ್ಲಿ ಜನರನ್ನು ಇಳಿಸಿ ನಡೆಸಿ. ಹಿಂದಿನ ಮೆಟ್ಟಿಲಿನಲ್ಲಿ ನೇತಾಡಿದರೆ ಹಿಂದಿನ ಚಕ್ರಕ್ಕೆ ಭಾರ ಸಿಗುತ್ತದೆ ಎಂಬ ಮಾತಿದೆ. ಸಿಗುವ ಹಿಡಿತಕ್ಕಿಂತ ಮೂತಿ ಎದ್ದು ಸ್ಟೇರಿಂಗ್ ಹೋಗುವ ಅಪಾಯ ದೊಡ್ಡದು. ಜೀಪು ಹಿಂದಕ್ಕೆ ಬಂದರೆ ಮೊದಲು ಸಿಗುವವನೂ ನೇತಾಡುವವನೇ.

ಇಳಿಯುವಾಗ

ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಮಲಯಾಳದಲ್ಲಿ 'ಕುತ್ತನೆ ಇರಕ್ಕಂ' ಎಂಬ ಫಲಕ ಕಂಡರೆ ಅದು ಕಡಿದು ಇಳಿಜಾರಿನ ಎಚ್ಚರಿಕೆ. ಮಲಯಾಳ ಓದಲು ಬಾರದ ಗಟ್ಟದ ಮೇಲಿನ ನೆಂಟರು ಗಾಡಿ ತಂದರೆ ಇದನ್ನು ಹೇಳಿಕೊಡಿ. 'ಕಯಟ್ಟಂ' ಎಂದರೆ ಏರು.

ಹತ್ತಲು ಯಾವ ಗೇರು ಬೇಕೋ ಇಳಿಯಲೂ ಅದೇ ಗೇರು ಎಂಬುದು ಹಳಬರ ಲೆಕ್ಕ. ಮಣ್ಣಿನ ದಾರಿಯಲ್ಲಿ ಅದಕ್ಕಿಂತ ಒಂದು ಕಡಿಮೆ ಇದ್ದರೂ ಸರಿ. ಇಳಿಯಲು ಶುರುಮಾಡುವ ಮೊದಲೇ ಲೋ ಒಂದು ಹಾಕಿ, ಎರಡೂ ಕಾಲು ನೆಲದ ಮೇಲಿಟ್ಟು ಎಂಜಿನ್ ಇಳಿಸಲು ಬಿಡಿ. ವೇಗ ಹೆಚ್ಚಿದರೆ ಮಾತ್ರ ಬ್ರೇಕನ್ನು ಮೆಲ್ಲನೆ ಮುಟ್ಟಿ.

ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಿ, ಕೆಲವರು ಕೀ ಕೂಡ ಆಫ್ ಮಾಡಿ ಇಳಿಯುತ್ತಾರೆ. ಇದರ ಲೆಕ್ಕ ನೋಡಿ. 2000 ಕಿಲೋ ಗಾಡಿ 100 ಮೀಟರ್ ಎತ್ತರ ಇಳಿದರೆ ಹುಟ್ಟುವ ಶಾಖ ಸುಮಾರು ಆರು ಲೀಟರ್ ತಣ್ಣೀರನ್ನು ಕುದಿಯುವವರೆಗೆ ಕಾಯಿಸಲು ಸಾಕು. ಗೇರಿನಲ್ಲಿ ಇಳಿದರೆ ಅದರಲ್ಲಿ ದೊಡ್ಡ ಪಾಲು ಎಂಜಿನ್ ತೆಗೆದುಕೊಳ್ಳುತ್ತದೆ. ನ್ಯೂಟ್ರಲಿನಲ್ಲಿ ಇಳಿದರೆ ಬಹುತೇಕ ಎಲ್ಲವೂ ನಾಲ್ಕು ಬ್ರೇಕ್ ಡ್ರಮ್ಮುಗಳಿಗೆ ಹೋಗುತ್ತದೆ. ಡ್ರಮ್ ಬಿಸಿಯಾದರೆ ಲೈನರ್ ಹಿಡಿಯುವುದಿಲ್ಲ. ಬ್ರೇಕ್ ಆಯಿಲ್ ಕುದಿದರೆ ಪೈಪಿನಲ್ಲಿ ಆವಿ ತುಂಬಿ ಪೆಡಲ್ ಹತ್ತಿಯಂತೆ ಕೆಳಗೆ ಹೋಗುತ್ತದೆ. ಡಾಟ್ 3 ದರ್ಜೆಯ ಆಯಿಲ್ ಹೊಸತಿರುವಾಗ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದು ಎಂಬುದು ನಿಯಮ. ಅದು ಗಾಳಿಯ ತೇವ ಹೀರುತ್ತದೆ. ತೇವ ಹೀರಿದ ಆಯಿಲಿಗೆ ನಿಗದಿಯಾದ ಮಿತಿ 140 ಡಿಗ್ರಿ ಮಾತ್ರ. ನಮ್ಮಂಥ ಮಳೆಯ ಊರಿನಲ್ಲಿ ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಾಯಿಸುವುದು ದುಂದುವೆಚ್ಚವಲ್ಲ.

ಚಕ್ರ ಲಾಕ್ ಆಗಿ ಗಾಡಿ ಜಾರತೊಡಗಿದರೆ ಮನಸ್ಸು ಬ್ರೇಕು ಒತ್ತು ಎನ್ನುತ್ತದೆ. ಮಾಡಬೇಕಾದ್ದು ಅದರ ತದ್ವಿರುದ್ಧ. ಬ್ರೇಕು ಬಿಡಿ. ಆಗಲೂ ಹಿಂಬದಿ ಅಡ್ಡಕ್ಕೆ ಬರುತ್ತಿದ್ದರೆ ಆಕ್ಸಿಲರೇಟರನ್ನು ಒಂದು ಚೂರು ಕೊಡಿ. ಚಕ್ರ ನೆಲದ ವೇಗಕ್ಕೆ ತಿರುಗತೊಡಗಿದರೆ ಸ್ಟೇರಿಂಗ್ ಮರಳಿ ಕೈಗೆ ಬರುತ್ತದೆ. ಇದನ್ನು ಅಪಾಯವಿಲ್ಲದ ಸಣ್ಣ ಇಳಿಜಾರಿನಲ್ಲಿ ಮೊದಲೇ ಮಾಡಿ ನೋಡಿರಬೇಕು.

ಏನು ಮಾಡಿದರೂ ಗಾಡಿ ನಿಲ್ಲದಿದ್ದರೆ ಬರೆಯ ಬದಿಯ ಚರಂಡಿಗೆ ಇಳಿಸಿ, ಬರೆಗೆ ಉಜ್ಜಿ ನಿಲ್ಲಿಸಿ. ಬಾಗಿಲು, ಫೆಂಡರ್ ಹೋದರೆ ದುಡ್ಡಿಗೆ ಸಿಗುತ್ತವೆ. ಹಾರಲು ಹೋಗಬೇಡಿ, ಮಗುಚುವ ಗಾಡಿಯಿಂದ ಕೈ ಹೊರಗೆ ಚಾಚಬೇಡಿ. ಸೀಟ್ ಬೆಲ್ಟ್ ಇದ್ದರೆ ತೋಟದ ದಾರಿಯೆಂದು ಬಿಡದೆ ಹಾಕಿಕೊಳ್ಳಿ.

ಪಿಕಪ್, ಬೈಕು ಮತ್ತು ಹೊಸ ಗಾಡಿಗಳು

ಈಗ ತೋಟಕ್ಕೆ ಬರುವುದು ಹೆಚ್ಚಾಗಿ ಟೂ ವೀಲ್ ಪಿಕಪ್. ಖಾಲಿಯಿದ್ದಾಗ ಅದರ ಹಿಂಬದಿ ಹಗುರ. ಮೂತಿ ಕೆಳಗೆ ಮಾಡಿ ಇಳಿಯುವಾಗ ಇನ್ನೂ ಹಗುರ. ಅದರಲ್ಲಿ ಎಂಜಿನ್ ಹಿಡಿಯುವುದು ಹಿಂದಿನ ಎರಡು ಚಕ್ರಗಳನ್ನು ಮಾತ್ರ. ಆದ್ದರಿಂದ ಒದ್ದೆ ಮಣ್ಣಿನ ಕಡಿದು ಇಳಿಜಾರಿಗೆ ಅದನ್ನು ಇಳಿಸಲೇಬಾರದು. ಮೂಟೆಯನ್ನು ಮೇಲೆ ಇಳಿಸಿ ಜೀಪಿನಲ್ಲೋ ತಲೆಯಲ್ಲೋ ಸಾಗಿಸಿ.

ಬೈಕಿನವರು ಇಳಿಯುವಾಗ ಒಂದನೇ ಗೇರು, ಕ್ಲಚ್ ಬಿಟ್ಟೇ ಇರಬೇಕು. ಒದ್ದೆ ಮಣ್ಣಿನಲ್ಲಿ ಮುಂದಿನ ಬ್ರೇಕು ಗಟ್ಟಿ ಹಿಡಿದರೆ ಬೀಳುವುದು ಖಂಡಿತ. ಚಡಾವಿನ ನಡುವೆ ನಿಂತರೆ ಎಂಜಿನ್ ಆಫ್ ಮಾಡಿ, ಗೇರಿನಲ್ಲೇ ಇಟ್ಟು, ಎರಡೂ ಕಾಲು ಊರಿ, ಕ್ಲಚ್ಚನ್ನು ಹಿಂದಿನ ಬ್ರೇಕಿನಂತೆ ಸ್ವಲ್ಪ ಸ್ವಲ್ಪ ಒತ್ತುತ್ತಾ ಹಿಂದೆ ಇಳಿಯಬಹುದು.

2020ರಲ್ಲಿ ಬಂದ ಹೊಸ ಥಾರ್, 2023ರಲ್ಲಿ ಬಂದ ಜಿಮ್ನಿಯಂಥ ಗಾಡಿಗಳಲ್ಲಿ ಇಳಿಜಾರಿನ ವೇಗವನ್ನು ತಾನೇ ಹಿಡಿಯುವ ವ್ಯವಸ್ಥೆಯೂ ಬಂದಿದೆ. ಅದು ಕೆಲಸ ಮಾಡುವುದು ಬ್ರೇಕಿನ ಮೂಲಕವೇ. ಉದ್ದದ ಇಳಿಜಾರಿನಲ್ಲಿ ಲೋ ಗೇರು ಜತೆಗಿರಬೇಕು. ಥಾರ್ ಎಂದ ಮಾತ್ರಕ್ಕೆ ಫೋರ್ ವೀಲ್ ಎಂದೂ ತಿಳಿಯಬೇಡಿ. 2023ರಿಂದ ಹಿಂದಿನ ಚಕ್ರ ಮಾತ್ರ ಎಳೆಯುವ ಮಾದರಿಯೂ ಇದೆ. ಪೇಟೆಯಿಂದ ಬರುವ ಮಕ್ಕಳು ಗಾಡಿಯ ಮೂತಿ ನೋಡಿ ಚಡಾವಿಗೆ ಇಳಿಸುತ್ತಾರೆ. ಕೇಳಿ, ಲಿವರ್ ತೋರಿಸಲು ಹೇಳಿ. ರಾಣಿಪುರಂ ಕಡೆಯ ಕಾಡುಗಳನ್ನು ಕಂಡು ಮೀಸಲು ಅರಣ್ಯದೊಳಗೆ ಅನುಮತಿಯಿಲ್ಲದೆ ಗಾಡಿ ನುಗ್ಗಿಸುವುದು ಅಪರಾಧವೆಂದೂ ಹೇಳಿ.

ದಾರಿಗೂ ಸ್ವಲ್ಪ ಕೆಲಸ

ಎಲ್ಲವನ್ನೂ ಚಾಲಕನ ತಲೆಗೆ ಕಟ್ಟುವುದು ನ್ಯಾಯವಲ್ಲ. ಮಳೆಗಾಲಕ್ಕೆ ಮೊದಲು ಚಡಾವಿಗೆ ಓರೆಯಾಗಿ ಅಡ್ಡ ಕಣಿ ಕಡಿದು ನೀರನ್ನು ಬರೆಯ ಬದಿಯ ಚರಂಡಿಗೆ ತಿರುಗಿಸಿದರೆ ನಡುವೆ ಕೊರಕಲು ಬೀಳುವುದಿಲ್ಲ. ಚಕ್ರದ ಜಾಡಿಗೆ ಹಾಕುವ ಕಾಂಕ್ರೀಟು ಪಟ್ಟಿಯನ್ನು ನುಣ್ಣಗೆ ಮಾಡಬೇಡಿ, ಹಸಿ ಇರುವಾಗಲೇ ಅಡ್ಡಗೀರು ಹಾಕಿ. ಆಟಿ ತಿಂಗಳಲ್ಲಿ ಪಾಚಿ ಹಿಡಿದ ಕಾಂಕ್ರೀಟು ಮಣ್ಣಿಗಿಂತ ಜಾರುತ್ತದೆ. ಆಗಾಗ ತಂತಿ ಪೊರಕೆಯಲ್ಲಿ ಉಜ್ಜಬೇಕು. ಮಳೆಗಾಲದಲ್ಲಿ ಜೀಪಿನ ಟಯರಿಗೆ ಚೈನು ಕಟ್ಟುವ ಹಳೆಯ ಕ್ರಮ ಈಗಲೂ ಒಳ್ಳೆಯದೇ, ಆದರೆ ಡಾಮರಿಗೆ ಬಂದ ಕೂಡಲೇ ಬಿಚ್ಚಿ.

ಎದುರಿನಿಂದ ಗಾಡಿ ಬಂದರೆ ಹತ್ತುವವನಿಗೆ ದಾರಿ, ಇಳಿಯುವವನು ನಿಲ್ಲಬೇಕು. ಇದು ಬರೇ ಮರ್ಯಾದೆಯಲ್ಲ, 2017ರ ಚಾಲನಾ ನಿಯಮಾವಳಿಯಲ್ಲೂ ಇದೆ. ನಿಲ್ಲಿಸಿದ ಗಾಡಿಯ ಚಕ್ರವನ್ನು ಬರೆಯ ಕಡೆಗೆ ತಿರುಗಿಸಿ, ಗೇರು ಹಾಕಿ, ಸಣ್ಣ ಲಿವರ್ ನ್ಯೂಟ್ರಲಿನಲ್ಲಿ ಇಲ್ಲವೆಂದು ನೋಡಿ, ತಡೆ ಇಟ್ಟು ಇಳಿಯಿರಿ.

ಪಾಣತ್ತೂರಿನ ಬಸ್ಸಿನಲ್ಲಿದ್ದವರಿಗೆ ಯಾವ ಆಯ್ಕೆಯೂ ಇರಲಿಲ್ಲ. ನಮ್ಮ ತೋಟದ ಚಡಾವಿನಲ್ಲಿ ಆಯ್ಕೆ ನಮ್ಮ ಕೈಯಲ್ಲಿದೆ. ತಮ್ಮನ ಮಗ ಕಳೆದ ವರ್ಷ ಜೀಪು ಕಲಿತ. ಅವನಪ್ಪ ಅವನಿಗೆ ಮೊದಲು ಕಲಿಸಿದ್ದು ಚಡಾವು ಹತ್ತುವುದನ್ನಲ್ಲ. ಅರ್ಧ ಹತ್ತಿಸಿ, ಬೇಕೆಂದೇ ಎಂಜಿನ್ ಆಫ್ ಮಾಡಿಸಿ, ರಿವರ್ಸಿನಲ್ಲಿ ನೇರ ಕೆಳಗೆ ಇಳಿಸುವುದನ್ನು ಕಲಿಸಿದ. ಹತ್ತು ಸಲ, ಒಣ ನೆಲದಲ್ಲಿ, ಖಾಲಿ ಜೀಪಿನಲ್ಲಿ. ತಾನು ಮಾತ್ರ ಅಂಗಳದ ಕಟ್ಟೆಯ ಮೇಲೆ, ಗಾಡಿಯಿಂದ ದೂರ ಕುಳಿತಿದ್ದ.